ಮೇಲಿನ ಹಡಗು, ಕೆಳಗಿನ ಹಡಗು

ನೆಲ ಎಂದೂ ಅಲ್ಲಾಡದ ಚಳ್ಳಕೆರೆಯಲ್ಲಿ ನಮ್ಮ ಮನೆಯ ಪಾತ್ರೆಗಳು ಮಾತ್ರ ಬಿರುಗಾಳಿಗೆ ಸಿದ್ಧವಾಗಿ ಕೂತಿರುತ್ತಿದ್ದವು. ಅಡುಗೆಮನೆಯ ಹಲಗೆಗಳ ಮುಂದಿನ ಅಂಚಿಗೆಲ್ಲ ಎರಡು ಬೆರಳೆತ್ತರದ ಮರದ ಪಟ್ಟಿ ಬಡಿದಿತ್ತು, ಡಬ್ಬಿಗಳು ಉರುಳಬಾರದೆಂದು. ಲೋಟಗಳು ಕೊಕ್ಕೆಯಲ್ಲಿ ನೇತಾಡುತ್ತಿದ್ದವು. ತಟ್ಟೆಗಳಿಗೆ ಒಂದೊಂದಕ್ಕೂ ಒಂದೊಂದು ಸಂದು. ಎಣ್ಣೆ ಡಬ್ಬದ ಕುತ್ತಿಗೆಗೆ ಹಗ್ಗ ಹಾಕಿ ಗೋಡೆಯ ಮೊಳೆಗೆ ಬಿಗಿದಿತ್ತು, ತುಡುಗು ದನವನ್ನು ಕಟ್ಟಿದ ಹಾಗೆ. ನಾನು ಮತ್ತು ನನ್ನ ತಮ್ಮ ರಫೀಕ ಮಲಗುವ ಮಂಚಗಳು ಒಂದರ ಮೇಲೊಂದಿದ್ದವು. ಮೇಲಿನದು ನನ್ನದು, ಕೆಳಗಿನದು ಅವನದು, ಎರಡಕ್ಕೂ ಮಗ್ಗುಲಲ್ಲಿ ಅಡ್ಡ ಹಲಗೆ. ಪಕ್ಕದ ಮನೆಯ ಹೆಂಗಸರು ಬಂದವರು ಇದನ್ನೆಲ್ಲ ನೋಡಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಅಮ್ಮಿಯೂ ಅವರ ಜೊತೆ ಸೇರಿಕೊಂಡು, "ಏನ್ ಮಾಡೋದು, ನಮ್ಮನೆಯವರು ಇನ್ನೂ ಹಡಗಿಂದ ಇಳಿದಿಲ್ಲ" ಎನ್ನುತ್ತಿದ್ದಳು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಅವಳೇ.

ನಾನು ಹುಟ್ಟುವ ಹೊತ್ತಿಗೆ ಅಬ್ಬಾ ಹಡಗು ಬಿಟ್ಟು ಊರಿಗೆ ಬಂದು ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಎಂಜಿನ್ ಮಿಸ್ತ್ರಿಯಾಗಿದ್ದರು. ಹೆಸರು ಖಾದರ್. ಮಿಲ್ಲಿನವರ ಬಾಯಲ್ಲಿ ಹಡಗು ಖಾದರ್. ಅದಕ್ಕೂ ಮೊದಲು ಅವರು ಸರಕು ಸಾಗಿಸುವ ಹಡಗಿನ ಹೊಟ್ಟೆಯೊಳಗೆ ಎಂಜಿನ್ನಿಗೆ ಎಣ್ಣೆ ಬಿಡುವ ತೇಲ್‌ವಾಲಾ. ಆ ಹಡಗಿನ ಕಥೆಯೇ ಒಂದು ತಮಾಷೆ. ದೊಡ್ಡ ಯುದ್ಧದ ಕಾಲದಲ್ಲಿ ಮುಳುಗಿದ ಹಡಗುಗಳ ಜಾಗ ತುಂಬಲು ಅಮೆರಿಕದವರು ಅವಸರವಸರವಾಗಿ ಕಟ್ಟಿ ನೀರಿಗೆ ತಳ್ಳಿದ ಹಡಗುಗಳಲ್ಲಿ ಅದೂ ಒಂದು. ತಗಡಿಗೆ ತಗಡು ಇಟ್ಟು, ರಿವೆಟ್ ಹೊಡೆಯುವಷ್ಟು ತಾಳ್ಮೆಯಿಲ್ಲದೆ, ವೆಲ್ಡಿಂಗ್ ಮಾಡಿಬಿಟ್ಟಿದ್ದರು. ಒಂದು ಸಲ ಸರಕು ಮುಟ್ಟಿಸಿ ಮುಳುಗಿದರೂ ಪರವಾಗಿಲ್ಲ ಅಂತ ಕಟ್ಟಿದ್ದಂತೆ. ಯುದ್ಧ ಮುಗಿಯಿತು, ಹಡಗು ಮುಳುಗಲಿಲ್ಲ. ಕೈಯಿಂದ ಕೈಗೆ ದಾಟಿ ಬೊಂಬಾಯಿಯ ಯಾರೋ ಮಾಲೀಕರ ಪಾಲಿಗೆ ಬಂತು. "ಸಾಯ್ಲಿ ಅಂತಾನೇ ಹುಟ್ಟಿಸಿದ ಮಗು ಅದು. ಅದಕ್ಕೇ ಅಷ್ಟು ಗಟ್ಟಿ" ಎಂದು ಅಬ್ಬಾ ಹೆಮ್ಮೆಯಿಂದ ಹೇಳುತ್ತಿದ್ದರು. ನಮ್ಮ ಬಗ್ಗೆ ಅವರು ಅಷ್ಟು ಹೆಮ್ಮೆಯಿಂದ ಮಾತಾಡಿದ್ದನ್ನು ನಾನು ಕೇಳಿಲ್ಲ.

ತೇಲ್‌ವಾಲಾನ ಕೆಲಸ ಕಣ್ಣಿನದಲ್ಲ, ಅಂಗೈಯದು. ಮನೆಯಷ್ಟೆತ್ತರದ ಎಂಜಿನ್ನಿನ ತೋಳುಗಳು ದಡದಡನೆ ಮೇಲೆ ಕೆಳಗೆ ಆಡುತ್ತಿರುವಾಗಲೇ, ಅದರ ತಾಳ ಹಿಡಿದು ಕೈ ಒಳಗೆ ಚಾಚಿ, ಬೇರಿಂಗ್ ಬಿಸಿಯಾಗಿದೆಯೋ ಇಲ್ಲವೋ ಮುಟ್ಟಿ ನೋಡಿ, ತಾಳ ತಪ್ಪುವ ಮೊದಲೇ ಕೈ ಎಳೆದುಕೊಳ್ಳಬೇಕು. ತಪ್ಪಿದರೆ ಕೈ ಹೋಯಿತು. ನಮಗೆ ಜ್ವರ ಬಂದಾಗ ಅಬ್ಬಾ ಹಣೆ ಮುಟ್ಟುತ್ತಿದ್ದದ್ದೂ ಹಾಗೆಯೇ: ಥಟ್ಟನೆ ಮುಟ್ಟಿ, ಥಟ್ಟನೆ ತೆಗೆದು, "ಬಿಸಿ ಐತೆ" ಅಥವಾ "ಇಲ್ಲ" ಎಂದು ತೀರ್ಪು. ಎಂಜಿನ್ನಿನ ಸದ್ದಿಗೆ ಕಿವಿ ಅರ್ಧ ಹೋಗಿತ್ತು, ಹಾಗಾಗಿ ಗುಟ್ಟಿನ ಮಾತನ್ನೂ ಬೀದಿಗೆ ಕೇಳುವಂತೆ ಹೇಳುತ್ತಿದ್ದರು. ಅರ್ಧ ಲೋಕ ಸುತ್ತಿದ ಈ ಮನುಷ್ಯನಿಗೆ ಸಮುದ್ರದ ಬಗ್ಗೆ ಮಾತ್ರ ಏನೂ ಗೊತ್ತಿರಲಿಲ್ಲ. ಶಾಲೆಯಲ್ಲಿ ಸಮುದ್ರದ ಪಾಠ ಆದ ದಿನ ನಾನು ಓಡಿ ಬಂದು ಕೇಳಿದ್ದೆ.

"ಅಬ್ಬಾ, ಸಮುದ್ರ ಯಾವ ಬಣ್ಣ?"

ಅವರು ತುಂಬಾ ಹೊತ್ತು ಯೋಚಿಸಿದರು. ಸುಳ್ಳು ಹೇಳಲು ಬಾರದ ಜನ.

"ನಾನು ಕೆಳಗಿದ್ದೆ ಬೇಟಾ. ಮಾರ್ಕಣ್ಣ ಬರ್ಲಿ, ಅವನ್ನ ಕೇಳು. ಅವನು ಮೇಲಿನವನು."

ಮಾರ್ಕಣ್ಣ ಮಾಮು ಎಂದರೆ ಮೊಳಕಾಲ್ಮೂರಿನ ಮಾರ್ಕಂಡಪ್ಪ. ರೇಷ್ಮೆ ಸೀರೆ ನೇಯುವ ಮನೆತನ, ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಪ್ರಾಯದಲ್ಲಿ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರಲಾರೆ ಎಂದು ಅಪ್ಪನ ಜೊತೆ ಜಗಳವಾಡಿ ಬೊಂಬಾಯಿಗೆ ಓಡಿಹೋಗಿ, ಅದು ಹೇಗೋ ಹಡಗಿನ ಮೇಲ್ಗಡೆ ಕೆಲಸ ಮಾಡುವ ಖಲಾಸಿಯಾಗಿದ್ದರು. ಇಬ್ಬರೂ ಒಂದೇ ಹಡಗಲ್ಲಿದ್ದದ್ದು ಇಬ್ಬರಿಗೂ ಗೊತ್ತಿರಲಿಲ್ಲ. ಒಂದು ದಿನ ಮಾಮು ಕಾಲ ಮೇಲೆ ಕಬ್ಬಿಣದ ಕೊಂಡಿ ಬಿದ್ದು, ಅರ್ಧ ತೆಲುಗಲ್ಲಿ ಅರ್ಧ ಕನ್ನಡದಲ್ಲಿ ಬಾಯಿಗೆ ಬಂದ ಹಾಗೆ ಬೈದುಕೊಂಡರಂತೆ. ಎಂಜಿನ್ ಕೋಣೆಗೆ ಗಾಳಿ ಬರಲು ಮೇಲುಗಡೆ ಒಂದು ಕಿಂಡಿಯಿರುತ್ತದೆ. ಆ ಕಿಂಡಿಯಿಂದ ಬೈಗುಳ ನೇರ ಅಬ್ಬಾನ ತಲೆ ಮೇಲೆ ಇಳಿಯಿತು. ಅಬ್ಬಾ ಎಣ್ಣೆಡಬ್ಬಿ ಹಿಡಿದೇ ಏಣಿ ಹತ್ತಿ ಬಂದು ತಲೆ ಹೊರಹಾಕಿ, "ಯಾವೂರಪ್ಪಾ ನಿಂದು?" ಎಂದರಂತೆ. ಬೈದಿದ್ದಕ್ಕೆ ಸಿಕ್ಕ ಸ್ನೇಹ ಎಂದು ಅಮ್ಮಿ ಅವರನ್ನು ಆಡಿಕೊಳ್ಳುತ್ತಿದ್ದಳು.

ಹಡಗು ಬಿಟ್ಟು ಬಂದ ಮೇಲೆ ಮಾಮು ಯಾವ ಗುಂಡಿಯಿಂದ ಓಡಿದ್ದರೋ ಅದೇ ಗುಂಡಿಗೆ ಮರಳಿ ಕಾಲು ಇಳಿಬಿಟ್ಟಿದ್ದರು. ಆದರೆ ಸಂತೆಯ ದಿನಗಳಲ್ಲಿ ಬಸ್ಸು ಹತ್ತಿ ಚಳ್ಳಕೆರೆಗೆ ಬಂದುಬಿಡುತ್ತಿದ್ದರು. ಕಾರಣ ಕೇಳಿದರೆ ಉಪ್ಪು, ಮೆಣಸಿನಕಾಯಿ ಎನ್ನುತ್ತಿದ್ದರು. ಮೊಳಕಾಲ್ಮೂರಲ್ಲಿ ಉಪ್ಪು ಸಿಗುವುದಿಲ್ಲವೇನೋ ಎಂಬಂತೆ. ನಮ್ಮ ಮನೆಯ ಮಾತು ಉರ್ದು. ಅವರು ಬಂದ ದಿನ ಎಲ್ಲರೂ ಕನ್ನಡಕ್ಕೆ ಹೊರಳುತ್ತಿದ್ದೆವು, ಹಬ್ಬದ ಬಟ್ಟೆ ಹಾಕಿಕೊಂಡ ಹಾಗೆ. ನಾನು ಮುಂದೆ ಕನ್ನಡ ಮೇಡಂ ಆದೆನಲ್ಲ, ಆ ಕನ್ನಡದ ಅಡಿಪಾಯ ಶಾಲೆಯಲ್ಲಿ ಬಿದ್ದದ್ದಲ್ಲ, ಇವರಿಬ್ಬರ ಜಗಳದ ಮಧ್ಯೆ ಬಿದ್ದದ್ದು. ಯಾಕೆಂದರೆ ಇಬ್ಬರೂ ನೆನೆಯುತ್ತಿದ್ದದ್ದು ಒಂದೇ ಹಡಗನ್ನಾದರೂ ಅದು ಒಂದೇ ಹಡಗಾಗಿರಲಿಲ್ಲ. ಮಾಮು ಹಾರುವ ಮೀನಿನ ಸುದ್ದಿ ಎತ್ತಿದರೆ ಅಬ್ಬಾ, "ಯಾವತ್ತು? ಎರಡನೇ ಬೇರಿಂಗ್ ಕಾದಿತ್ತಲ್ಲ, ಅವತ್ತಾ?" ಎನ್ನುತ್ತಿದ್ದರು. ಮಾಮುವಿಗೆ ಬಂದರುಗಳ ದೀಪ, ಹಕ್ಕಿ, ಬೆಟ್ಟ. ಅಬ್ಬಾನಿಗೆ ಎಂಜಿನ್ ನಿಂತ ಮೇಲಿನ ಮೌನ. ಆ ಮೌನ ಬಂತೆಂದರೆ ಬಂದರು ಬಂತು ಎಂದರ್ಥ.

"ಲೇ ಖಾದರ್, ನೀನು ಹಡಗಲ್ಲಿ ಹೋಗಿದ್ದೋ, ಗಾಣದಾಗೆ ಹೋಗಿದ್ದೋ?"

"ನಾನು ತಿರುಗಿಸ್ತಿದ್ದೆ, ನೀನು ನೋಡ್ತಿದ್ದೆ. ಸುಮ್ನಿರಲೇ."

ಊಟಕ್ಕೆ ಇಬ್ಬರೂ ಒಂದೇ ಚಾಪೆಯ ಮೇಲೆ ಕೂರುತ್ತಿದ್ದರು. ಅಮ್ಮಿಯ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಸಿಕ್ಕಿದ ದಿನ ಖೀಮಾ. ಆ ಕಾಲಕ್ಕೆ ಅದೇನೂ ಸಣ್ಣ ಸಂಗತಿಯಲ್ಲ. ನೋಡಿದವರು ಕೇಳಿದರೆ ಮಾಮು, "ಹಡಗಲ್ಲಿ ಜಾತಿ ಇರಲಿಲ್ಲಪ್ಪ, ಮೇಲೆ ಕೆಳಗೆ ಅಂತ ಎರಡೇ ಇದ್ದಿದ್ದು" ಎನ್ನುತ್ತಿದ್ದರು. ಮೊಳಕಾಲ್ಮೂರಿನ ಅವರ ಮನೆಗೆ ಮಾತ್ರ ಅಬ್ಬಾ ಒಮ್ಮೆಯೂ ಹೋಗಿರಲಿಲ್ಲ. ಅಲ್ಲಿ ಮಾಮುವಿನ ವಯಸ್ಸಾದ ತಾಯಿ ಇದ್ದರು. ಮಾಮು ಕರೆಯಲಿಲ್ಲ, ಅಬ್ಬಾ ಕೇಳಲಿಲ್ಲ. ಆ ವಿಷಯ ನಮ್ಮ ಚಾಪೆಯ ಮೇಲೆ ಎಂದೂ ಬರಲಿಲ್ಲ.

ನಮಗೆ ಮಕ್ಕಳಿಗೆ ಬಹಳ ಇಷ್ಟವಾದ ಕಥೆ ಗೋಧಿ ತಂದ ಸಲದ್ದು. ಅಮೆರಿಕದಿಂದ ಹೊಟ್ಟೆ ತುಂಬ ಗೋಧಿ ತುಂಬಿಕೊಂಡು ಹಡಗು ಚಳಿ ಸಮುದ್ರದಲ್ಲಿ ಬರುತ್ತಿತ್ತು. ಒಂದು ಬೆಳಿಗ್ಗೆ ಅಬ್ಬಾ ಕೆಳಗೆ ಕೆಲಸದಲ್ಲಿದ್ದಾಗ ತಲೆ ಮೇಲೆ ಫಿರಂಗಿ ಹಾರಿದ ಹಾಗೆ ಸದ್ದಾಯಿತು. ಏನಾಯ್ತು ಎಂದು ಕೂಗಿದರೆ, ಸಾಮಾನು ಎತ್ತುವ ಕಂಬ ಬಿತ್ತು ಎಂದು ಮೇಲಿನಿಂದ ಉತ್ತರ ಬಂತು. ಕಂಬದ ಬುಡ ಸರಿಮಾಡಬೇಕೆಂದು ಕೆಳಗಿದ್ದ ಡ್ರಿಲ್ ಮೆಷಿನ್ನನ್ನೂ ಮೇಲೆ ತರಿಸಿಕೊಂಡರು. ಕಥೆಯ ಮಜಾ ಇರುವುದು ಆಮೇಲೆ. ಅವತ್ತಿನಿಂದ ಬೊಂಬಾಯಿ ಮುಟ್ಟುವವರೆಗೂ ಮಾರ್ಕಣ್ಣನಿಗೆ ಅದೇನು ಹುಚ್ಚು ಹಿಡಿಯಿತೋ, ಹೊತ್ತಿಲ್ಲ ಗೊತ್ತಿಲ್ಲ, ಕಿಂಡಿಯಲ್ಲಿ ತಲೆ ತೂರಿಸಿ ಕೂಗುತ್ತಿದ್ದನಂತೆ. ಅಬ್ಬಾ ಎದ್ದು ನಿಂತು, ಕೈಯನ್ನು ಬಾಯಿಗೆ ಹಿಡಿದು, ಇಬ್ಬರ ಮಾತನ್ನೂ ತಾವೇ ಆಡಿ ತೋರಿಸುತ್ತಿದ್ದರು.

"ಊಟ ಆಯ್ತೇನೋ?"

"ಆಯ್ತು ಹೋಗಲೇ ಪುಣ್ಯಾತ್ಮ!"

"ಊಟ ಮಾಡಿ ಇನ್ನೂ ಕೈ ಒಣಗಿಲ್ಲ, ಮತ್ತೆ ಬಂದ. ಊಟ ಆಯ್ತೇನೋ? ಅವನ ಟೋಪಿ ಮೇಲಿನ ಹಿಮ ಕರಗಿ ನನ್ನ ಕತ್ತಿಗೆ ತೊಟ್ಟಿಕ್ತಿತ್ತು. ನಮ್ಮ ಮೇಸ್ತ್ರಿ, ಸಾರಂಗ ಅಂತಿದ್ವಿ, ಅವನು ಬಂದು, ಯಾರೋ ಅವನು, ನಿನ್ನ ಹೆಂಡ್ತಿನಾ ಅಂತ ಬೈದ. ಇವನ ಪಾಳಿ ಮುಗಿದ್ರೂ ಹೋಗಿ ಮಲಗಲ್ಲ ನೋಡು. ಊಟ ಆಯ್ತೇನೋ!"

ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಈ ಕಥೆ ಶುರುವಾದಾಗಲೆಲ್ಲ ಮಾಮು ಬೀಡಿ ಹಚ್ಚಲು ಅಂಗಳಕ್ಕೆ ಎದ್ದು ಹೋಗುತ್ತಿದ್ದರು. ತನ್ನ ಪೆದ್ದುತನ ಕೇಳಲು ನಾಚಿಕೆ ಎಂದು ನಾವು ಇನ್ನಷ್ಟು ನಗುತ್ತಿದ್ದೆವು. ರಾತ್ರಿ ಮಲಗುವ ಮುಂಚೆ ನಾನೂ ರಫೀಕನೂ ಅದೇ ಆಟ ಆಡುತ್ತಿದ್ದೆವು. ನಾನು ಮೇಲಿನ ಮಂಚದ ಅಂಚಿಂದ ತಲೆ ಇಳಿಬಿಟ್ಟು ಊಟ ಆಯ್ತೇನೋ ಎನ್ನಬೇಕು, ಅವನು ಕೆಳಗಿಂದ ಆಯ್ತು ಹೋಗಲೇ ಪುಣ್ಯಾತ್ಮ ಎನ್ನಬೇಕು. ಅಕ್ಕನಿಗೆ ಹೋಗಲೇ ಎನ್ನುವ ಅವಕಾಶ ಸಿಕ್ಕಿದ್ದಕ್ಕೆ ಅವನಿಗೆ ಎಲ್ಲಿಲ್ಲದ ಖುಷಿ.

ಮನೆಯ ಇನ್ನೊಂದು ಪದ್ಧತಿಯನ್ನೂ ಹೇಳಬೇಕು. ನಮ್ಮದು ಮಣ್ಣಿನ ಗೋಡೆ, ಬೇಸಿಗೆಗೆ ಬಿರುಕು ಬಿಡುತ್ತಿತ್ತು. ಅಬ್ಬಾ ಪ್ರತಿ ಬಿರುಕಿನ ತುದಿಗೂ ಸೀಮೆಸುಣ್ಣದಲ್ಲಿ ಅಡ್ಡ ಗೆರೆ ಎಳೆಯುತ್ತಿದ್ದರು. ಶುಕ್ರವಾರ ನಮಾಜಿಗೆ ಹೋಗಿಬಂದು, ಬಿರುಕು ಗೆರೆ ದಾಟಿದೆಯೋ ನೋಡುತ್ತಿದ್ದರು. ದಾಟದಿದ್ದರೆ ಬಿಟ್ಟುಬಿಡುವುದು. ದಾಟಿದ್ದರೆ ತುದಿಯಲ್ಲಿ ದುಂಡಗೆ ಒಂದು ತೂತು ಕೊರೆದು ಸುಣ್ಣ ತುಂಬುವುದು. ಚೂಪು ತುದಿ ಇದ್ದರೆ ಬಿರುಕು ಓಡುತ್ತದೆ, ದುಂಡಗಾದರೆ ನಿಲ್ಲುತ್ತದೆ; ವೆಲ್ಡಿಂಗ್ ಹಡಗುಗಳಲ್ಲಿ ತಗಡು ಸೀಳಿದರೆ ಹಾಗೇ ತೂತು ಹಾಕಿ ನಿಲ್ಲಿಸುತ್ತಿದ್ದರು ಎಂದು ವಿವರಿಸುತ್ತಿದ್ದರು. ಮಣ್ಣಿನ ಗೋಡೆಗೆ ಈ ಶಾಸ್ತ್ರ ನಡೆಯುತ್ತಿತ್ತೋ ಇಲ್ಲವೋ ಗೊತ್ತಿಲ್ಲ. ನಮ್ಮ ಗೋಡೆಯಂತೂ ಬೀಳಲಿಲ್ಲ.

ಒಂದು ವರ್ಷ ಮಳೆ ಕೈಕೊಟ್ಟು ಜೋಳ ಸಿಗದೆ ರೇಷನ್ ಅಂಗಡಿಗೆ ಅಮೆರಿಕದ ಕೆಂಪು ಗೋಧಿ ಬಂತು. ಅಮ್ಮಿ ಗೊಣಗಿಕೊಂಡೇ ಅದನ್ನು ಬೀಸಿಸಿ ಚಪಾತಿ ಮಾಡಿದಳು. ಅವತ್ತು ಸಂತೆ, ಮಾಮು ಬಂದಿದ್ದರು. ಒಂದು ತುಂಡು ಮುರಿದು, ಮೂಸಿ, ಮುಖ ಅರಳಿಸಿದರು.

"ಲೇ ಖಾದರ್, ಇದು ನಾವು ತಂದಿದ್ದ ಗೋಧಿ ಥರಾನೇ ಐತಲ್ಲೋ. ಅದೇ ವಾಸನೆ."

"ಕಂಬ ಬಿತ್ತಲ್ಲ, ಆ ಸಲದ್ದಾ?"

"ಹೂಂ, ಆ ಸಲದ್ದೇ. ಎಷ್ಟು ಹೆದ್ರಿದ್ವೋ ಮಾರಾಯ. ಒಳಗೆ ನೀರೇನಾದ್ರೂ ನುಗ್ಗಿದ್ರೆ ಆ ಗೋಧಿ ಅಷ್ಟೂ ಉಬ್ಬಿ ಹಡಗು ಇನ್ನೂ ಸೀಳ್ಕೊಂಡು ಹೋಗ್ತಿತ್ತು."

ಅಬ್ಬಾನ ಕೈ ತಟ್ಟೆಯ ಮೇಲೆ ನಿಂತಿತು. ಅರ್ಧ ಕಿವುಡರಾದರೂ ಕೇಳಬೇಕಾದ್ದು ಕೇಳುತ್ತಿತ್ತು.

"ಇನ್ನೂ ಸೀಳ್ಕೊಂಡು ಅಂದ್ರೆ? ಮೊದ್ಲು ಸೀಳಿದ್ದೆಲ್ಲಿ?"

ಮಾಮು ಚಪಾತಿಯನ್ನು ತಟ್ಟೆಗೆ ಇಟ್ಟರು. ಅವರಿಗೂ ಸುಳ್ಳು ಸರಿಯಾಗಿ ಬರುತ್ತಿರಲಿಲ್ಲ.

"ಕಂಬ ಬೀಳಲಿಲ್ಲ ಕಣೋ. ಮೇಲಿನ ತಗಡು ಒಡೀತು. ಸರಕು ಇಳಿಸೋ ಬಾಯಿ ಮೂಲೆಯಿಂದ ಅಡ್ಡಕ್ಕೆ, ಆಳುದ್ದ. ತುದಿಗೆ ತೂತು ಹಾಕಿ ನಿಲ್ಸಿದ್ವಿ. ದೊಡ್ಡ ಸಾಹೇಬ ನಮ್ಮನ್ನೆಲ್ಲ ಸಾಲಾಗಿ ನಿಲ್ಸಿ, ಕೆಳಗಿನವರಿಗೆ ಯಾರೂ ಹೇಳ್ಬಾರ್ದು ಅಂದ. ಗೊತ್ತಾದ್ರೆ ಅವರು ಕೆಳಗಿಳಿಯಲ್ಲ, ಎಂಜಿನ್ ನಿಂತ್ರೆ ಅಲೆ ಮಗ್ಗುಲಿಗೆ ಹೊಡೆದು ಎರಡು ತುಂಡಾಗ್ತೈತೆ ಅಂದ."

"ತುಂಡಾಗಿದ್ರೆ ಮೊದ್ಲು ಸಾಯೋರು ಯಾರು?"

"ನೀವು. ಕೆಳಗಿದ್ದೋರು."

"ಅದು ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅಬ್ಬಾ ಬಯ್ಯಲಿಲ್ಲ. ಬೀದಿಗೆಲ್ಲ ಕೇಳುವ ಆ ದನಿ ಅವತ್ತು ನನಗೂ ಸರಿಯಾಗಿ ಕೇಳಿಸದಷ್ಟು ಸಣ್ಣಗಾಗಿತ್ತು. "ನೀನು ಉಂಡು ಹೋಗು" ಎಂದಷ್ಟೇ ಹೇಳಿ, ಕೈ ತೊಳೆದು, ರಜೆಯ ದಿನವೇ ಮಿಲ್ಲಿನ ಕಡೆ ನಡೆದರು. ಮಾಮು ತಟ್ಟೆ ಬದಿಗೆ ಸರಿಸಿ ಎದ್ದರು. ಅಮ್ಮಿ ಬಾಗಿಲ ಪರದೆ ಸರಿಸಿ, "ತಟ್ಟೆ ಬಿಟ್ಟು ಏಳಬ್ಯಾಡ್ರಿ ಅಣ್ಣಾ" ಎಂದಳು. ಅವರು, "ಬರ್ತೀನಿ ತಂಗೆಮ್ಮ" ಎಂದು ಹೋದವರು ಮುಂದಿನ ಸಂತೆಗೆ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ.

ಈಗ ನಮ್ಮ ಮಹಡಿಯ ಮೇಲೆ ಕುದಾಪುರದ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ಸಿಗೆ ಕೆಲಸಕ್ಕೆ ಹೋಗುವ ಹುಡುಗಿಯೊಬ್ಬಳು ಬಾಡಿಗೆಗಿದ್ದಾಳೆ, ಲೋಹಗಳ ಬಗ್ಗೆ ಓದಿದವಳು. ಯುದ್ಧಕಾಲದ ಆ ಹಡಗುಗಳ ಉಕ್ಕು ತಣ್ಣನೆ ನೀರಿನಲ್ಲಿ ಬಿಸ್ಕತ್ತಿನ ಹಾಗೆ ಮುರಿಯುತ್ತಿತ್ತು, ಕೆಲವು ಎರಡಾಗಿ ಹೋದದ್ದೂ ಉಂಟು ಎಂದು ಅವಳು ವಿವರಿಸಿದಳು. ಆ ಚಿಕ್ಕ ವಯಸ್ಸಿನಲ್ಲಿ ನನಗೆ ಅಷ್ಟೆಲ್ಲ ತಿಳಿಯುತ್ತಿರಲಿಲ್ಲ. ತಿಳಿದದ್ದು ಮನೆ ಖಾಲಿಯಾಯಿತು ಎಂಬುದು. ಸಂತೆಯ ದಿನ ಅಬ್ಬಾ ಬಸ್ಸಿನ ಹೊತ್ತಿಗೆ ಸರಿಯಾಗಿ ಏನಾದರೂ ನೆಪ ಮಾಡಿಕೊಂಡು ಮನೆ ಬಿಡುತ್ತಿದ್ದರು. ಕನ್ನಡ ಮಾತಾಡುವ ದಿನವೇ ಇಲ್ಲದಾಯಿತು. ಶುಕ್ರವಾರ ಗೋಡೆಯ ಗೆರೆ ನೋಡುವುದನ್ನೂ ಬಿಟ್ಟರು. ಒಂದು ಮಧ್ಯಾಹ್ನ ಇಕ್ಕಳ ತಂದು ಅಡುಗೆಮನೆಯ ಹಲಗೆಯ ಪಟ್ಟಿಯನ್ನು ಕೀಳತೊಡಗಿದರು. ಒಂದು ತುದಿ ಎದ್ದಿತ್ತು. ಅಷ್ಟರಲ್ಲಿ ಅಮ್ಮಿ ಹಿಟ್ಟಿನ ಕೈಯಲ್ಲೇ ಬಂದು ಪಟ್ಟಿಯ ಮೇಲೆ ಅಂಗೈ ಒತ್ತಿ ನಿಂತಳು.

"ಅದನ್ನ ಮುಟ್ಟಬೇಡಿ. ನನ್ನ ಡಬ್ಬಿ ಬೀಳ್ತವೆ."

"ಎಲ್ಲಿಗೆ ಬೀಳ್ತವೆ? ಚಳ್ಳಕೆರೆ ಏನು ಅಲ್ಲಾಡ್ತದಾ?"

"ಅಲ್ಲಾಡ್ತಾ ಇದೆಯಲ್ಲ, ಕಾಣಿಸ್ತಿಲ್ವಾ?"

ಅಷ್ಟು ವರ್ಷ ಆ ಪಟ್ಟಿಗಳನ್ನು ನೋಡಿ ನಕ್ಕವಳು ಅವಳೇ. ಅಬ್ಬಾ ಇಕ್ಕಳ ಅಲ್ಲೇ ಬಿಟ್ಟು ಹೋದರು. ಎದ್ದ ತುದಿಯನ್ನು ಅಮ್ಮಿ ರುಬ್ಬುವ ಗುಂಡಿನಿಂದ ಬಡಿದು ಕೂರಿಸಿದಳು.

ಶೇಂಗಾ ಸುಗ್ಗಿ ಶುರುವಾಗುವ ಮುಂಚೆ ರಫೀಕನಿಗೆ ಜ್ವರ ಬಂತು. ಬಂದು ಹೋಗುವ ಜ್ವರವಲ್ಲ, ಕೂತುಬಿಟ್ಟ ಜ್ವರ. ಅಬ್ಬಾ ಹಣೆ ಮುಟ್ಟಿದವರು ಆ ಸಲ ಥಟ್ಟನೆ ಕೈ ತೆಗೆಯಲಿಲ್ಲ. ಡಾಕ್ಟರು ಸೂಜಿ ಚುಚ್ಚಿ, ಮಗು ತೀರಾ ಮಂಪರಿಗೆ ಹೋಗದ ಹಾಗೆ ನೋಡಿಕೊಳ್ಳಿ ಎಂದು ಹೇಳಿ ಹೋದರು. ನನ್ನನ್ನು ಶಾಲೆಗೆ ಕಳಿಸಲಿಲ್ಲ. ನಾನು ಮೇಲಿನ ಮಂಚದಲ್ಲಿ ಪುಸ್ತಕ ಹಿಡಿದು ಕೂತಿದ್ದೆ, ಒಂದಕ್ಷರವೂ ಓದಲಿಲ್ಲ. ಕೆಳಗೆ ಅವನ ಉಸಿರು ಸದ್ದಾಗುತ್ತಿತ್ತು, ನಿಂತ ಹಾಗಾಗುತ್ತಿತ್ತು. ಸತ್ತಿದ್ದೀಯಾ ಎಂದು ಕೇಳಲು ಬರುತ್ತದೆಯೇ? ನಾನು ಅಂಚಿಂದ ತಲೆ ಇಳಿಬಿಟ್ಟು, "ಊಟ ಆಯ್ತೇನೋ?" ಎಂದೆ. ಸ್ವಲ್ಪ ತಡೆದು ಕ್ಷೀಣವಾಗಿ, "ಆಯ್ತು ಹೋಗಲೇ" ಎಂದ. ಪುಣ್ಯಾತ್ಮ ಎನ್ನಲು ಶಕ್ತಿ ಇರಲಿಲ್ಲ. ಮತ್ತೆ ಸ್ವಲ್ಪ ಹೊತ್ತಿಗೆ ಕೇಳಿದೆ. ಮತ್ತೆ ಕೇಳಿದೆ. ಅವನು ಎರಡು ದಿನದಿಂದ ಗಂಜಿಯನ್ನೂ ಕುಡಿದಿರಲಿಲ್ಲ. ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದ ಅಮ್ಮಿ ಮೊದಲು ನನ್ನನ್ನು ಗದರಿಸಲು ತಲೆ ಎತ್ತಿದಳು. ಆಮೇಲೆ ಗದರಿಸದೆ ನನ್ನ ಮುಖವನ್ನೇ ನೋಡುತ್ತಾ ಕೂತಳು.

ರಫೀಕನಿಗೆ ಬೆವರು ಬಿಟ್ಟು ಜ್ವರ ಇಳಿಯಿತು. ಗಂಜಿ ಕುಡಿದು, ಉಪ್ಪಿನಕಾಯಿ ಬೇಕೆಂದು ರಂಪ ಮಾಡಿದ ದಿನ, ಅಬ್ಬಾ ಎಷ್ಟೋ ದಿನಗಳ ಮೇಲೆ ನೆಮ್ಮದಿಯಾಗಿ ತಟ್ಟೆಯ ಮುಂದೆ ಕೂತರು. ಅಮ್ಮಿ ರೊಟ್ಟಿ ಹಾಕಿ ಎದುರಿಗೇ ಕೂತಳು. ಅವಳು ಹಾಗೆ ಎದುರಿಗೆ ಕೂರುವುದು ಅಪರೂಪ.

"ನಿಮ್ಮ ಸ್ನೇಹಿತರು ಕಿಂಡಿಯಲ್ಲಿ ಬಂದು ಕೂಗ್ತಿದ್ರಲ್ಲ, ಅದು ಕಂಬ ಬೀಳೋಕೆ ಮುಂಚೆನೋ, ಬಿದ್ದ ಮೇಲೋ?"

"ಆಮೇಲೆ."

"ಅದಕ್ಕೆ ಮುಂಚೆ ಯಾವತ್ತಾದ್ರೂ ನಿಮ್ಮ ಊಟ ವಿಚಾರಿಸಿದ್ರಾ?"

ಅಬ್ಬಾ ರೊಟ್ಟಿಯ ಅಂಚು ಮುರಿದು ಚಟ್ನಿಗೆ ಅದ್ದಿದರು.

"ಪಾಳಿ ಮುಗಿದ್ರೂ ಮಲಗಲಿಲ್ಲ ಅಂತ ನೀವೇ ಹೇಳ್ತಿದ್ರಿ. ಟೋಪಿ ಮೇಲೆ ಹಿಮ ಇತ್ತು ಅಂತಾನೂ ನೀವೇ ಹೇಳಿದ್ದು. ಅಂಥ ಚಳಿಯಲ್ಲಿ ಯಾರು ಬಂದು ಊಟ ಕೇಳ್ತಾರೆ? ಇನ್ನೂ ಸೀಳಿದ್ರೆ ನಿಮ್ಮನ್ನ ಮೇಲೆ ಕರೆಯೋಕೆ ಕಿಂಡಿ ಪಕ್ಕದಲ್ಲೇ ಕಾದು ಕೂತಿದ್ರು. ನೀವು ಕೆಳಗೆ ಇದ್ದೀರೋ ಇಲ್ವೋ ಅಂತ ಕೇಳ್ತಿದ್ರು."

"ಹಾಗಿದ್ರೆ ಆ ಸಂತೆ ದಿನ ಇಲ್ಲಿ ಕೂತಿದ್ದಾಗ ಅದನ್ನ ಹೇಳಬೇಕಿತ್ತಲ್ಲ?"

"ಬಾಯಿ ಮುಚ್ಚಿಕೊಂಡಿದ್ದು ತಪ್ಪು ಅಂತ ಅವರಿಗೂ ಗೊತ್ತು. ಆ ತಪ್ಪಿನ ಮುಂದೆ ಇದನ್ನ ಹೇಗೆ ಇಡ್ತಾರೆ? ನಾನು ನಿನ್ನ ಕಾದೆ ಅಂತ ಯಾವ ಬಾಯಲ್ಲಿ ಹೇಳ್ತಾರೆ?"

ಅಬ್ಬಾ ತಮ್ಮ ಕತ್ತನ್ನು ಮುಟ್ಟಿಕೊಂಡರು, ಹಿಂಬದಿ, ಕೂದಲು ಮುಗಿಯುವಲ್ಲಿ. ಅಂಗೈಯನ್ನು ನೋಡಿಕೊಂಡರು, ಅದು ಒದ್ದೆಯಾಗಿದೆಯೇನೋ ಎಂಬಂತೆ. ಎಷ್ಟು ಸಲ ಆ ಕಥೆ ಹೇಳಿ ನಗಿಸಿದ್ದರು ನಮ್ಮನ್ನು! ಹೇಳಿದವರಿಗೂ ತಿಳಿಯಲಿಲ್ಲ, ಕೇಳಿದ ನಮಗೂ ತಿಳಿಯಲಿಲ್ಲ. ತಿಳಿದವರೊಬ್ಬರು ಅಂಗಳದಲ್ಲಿ ಬೀಡಿ ಸೇದುತ್ತಾ ನಿಂತಿರುತ್ತಿದ್ದರು.

ಮಾರನೆಯ ಬೆಳಿಗ್ಗೆ ಅಮ್ಮಿ ರೊಟ್ಟಿ, ಚಟ್ನಿ, ಎಣ್ಣೆಗಾಯಿ ಕಟ್ಟಿ ಬುತ್ತಿಯನ್ನು ನನ್ನ ಕೈಗೆ ಕೊಟ್ಟಳು. ಮಾಂಸ ಹಾಕಿರಲಿಲ್ಲ, ಯಾರ ಮನೆಗೆ ಹೋಗುವ ಬುತ್ತಿ ಎಂಬುದನ್ನು ಅವಳು ಯೋಚಿಸಿಯೇ ಕಟ್ಟಿದ್ದಳು. ಅಬ್ಬಾ ಒಬ್ಬರೇ ಹೋದರೆ ಅರ್ಧ ದಾರಿಗೆ ಇಳಿದುಬಿಡುತ್ತಾರೆಂದು ನನ್ನನ್ನು ಜೊತೆಗೆ ಹಾಕಿದ್ದಳು. ಬಸ್ಸಿನಲ್ಲಿ ಅವರು ಕಿಟಕಿಯ ಕಂಬಿ ಹಿಡಿದೇ ಕೂತರು. ಹೊಲಗಳು ಕಳೆದು ಬಂಡೆಗುಡ್ಡಗಳು ಶುರುವಾದವು, ಕಂಡಕ್ಟರನ ಮಾತು ಕನ್ನಡದಿಂದ ತೆಲುಗಿಗೆ ಜಾರಿತು. ಮೊಳಕಾಲ್ಮೂರಿನಲ್ಲಿ ಇಳಿದು ಮಾರ್ಕಂಡಪ್ಪನವರ ಮನೆ ಯಾವುದೆಂದು ಕೇಳಿದಾಗ, ಹೇಳಿದವನು ಅಬ್ಬಾನ ಟೋಪಿಯನ್ನು ಒಮ್ಮೆ ನೋಡಿಯೇ ಹೇಳಿದ. ಬೀದಿ ಉದ್ದಕ್ಕೂ ಮಗ್ಗಗಳ ಸದ್ದು. ಆ ಸದ್ದಿಗೆ ಅಬ್ಬಾ ಒಂದು ಕ್ಷಣ ನಿಂತು ಕಿವಿಗೊಟ್ಟರು.

ಅವರ ಮನೆ ಹೊಸ್ತಿಲಿಂದ ಒಂದು ಮೆಟ್ಟಿಲು ತಗ್ಗಿನಲ್ಲಿತ್ತು. ಒಳಗೆ ಮಬ್ಬು. ಕಣ್ಣು ಹೊಂದಿಕೊಂಡ ಮೇಲೆ ಮಗ್ಗ ಕಂಡಿತು, ಮಗ್ಗದ ಕೆಳಗೆ ಗುಂಡಿ, ಗುಂಡಿಯಲ್ಲಿ ಸೊಂಟದವರೆಗೆ ಇಳಿದು ಕೂತ ಮಾಮು. ಕಾಲು ಕೆಳಗೆ ತುಳಿಯುತ್ತಿತ್ತು, ಕೈ ಮೇಲೆ ಲಾಳಿ ಎಸೆಯುತ್ತಿತ್ತು, ತಲೆ ಬಗ್ಗಿತ್ತು. ಎಷ್ಟು ಬಡವಾಗಿದ್ದರೆಂದರೆ ನನಗೆ ಗುರುತು ಹತ್ತುವುದು ತಡವಾಯಿತು. ಮೂಲೆಯಲ್ಲಿ ರೇಷ್ಮೆ ಎಳೆ ಬಿಡಿಸುತ್ತಿದ್ದ ಮುದುಕಿ, ಅವರ ತಾಯಿಯೇ ಇರಬೇಕು, ನಮ್ಮನ್ನು ನೋಡಿ ಕೈ ನಿಲ್ಲಿಸಿತು. ಅಬ್ಬಾ ಹೊಸ್ತಿಲಾಚೆಯೇ ನಿಂತರು. ಒಳಗೆ ಬರುವಂತೆ ಯಾರೂ ಹೇಳಲಿಲ್ಲ. ಮಾಮು ಇನ್ನೂ ನೋಡಿರಲಿಲ್ಲ. ನಾನು ಅಬ್ಬಾನ ಮುಖ ನೋಡಿದೆ. ಏನು ಹೇಳುತ್ತಾರೆ, ಕ್ಷಮಿಸಿದೆ ಎನ್ನುತ್ತಾರಾ, ಕ್ಷಮಿಸು ಎನ್ನುತ್ತಾರಾ? ಅವರು ಬಗ್ಗಿ ಬಾಗಿಲ ಚೌಕಟ್ಟು ಹಿಡಿದು, ಒಳಗೆ ತಲೆ ಹಾಕಿ, ತಮ್ಮ ಆ ಬೀದಿದನಿಯಲ್ಲಿ ಕೂಗಿದರು.

"ಊಟ ಆಯ್ತೇನೋ?"

ಮಗ್ಗ ನಿಂತಿತು. ಆ ಮನೆಯಲ್ಲಿ ಅಷ್ಟು ಮೌನ ಎಂದಾದರೂ ಆಗಿತ್ತೋ ಇಲ್ಲವೋ. ಮಾಮು ತಲೆ ಎತ್ತಲಿಲ್ಲ. ಎರಡೂ ಕೈಗಳಿಂದ ಮಗ್ಗದ ಮರವನ್ನು ಹಿಡಿದುಕೊಂಡರು.

"ಆಯ್ತು" ಎಂದರು, ಗುಂಡಿಯೊಳಕ್ಕೇ. ಆಮೇಲೆ ಅಬ್ಬಾನ ಕಿವಿಗೆ ಮುಟ್ಟುವಷ್ಟು ಗಟ್ಟಿಯಾಗಿ, "ಆಯ್ತು ಹೋಗಲೇ ಪುಣ್ಯಾತ್ಮ!" ಎಂದರು.

ಮುದುಕಿ ತೆಲುಗಿನಲ್ಲಿ ಯಾರೋ ಅವರು ಎಂದು ಕೇಳಿತು. ಮಾಮು ಗುಂಡಿಯಿಂದ ಮೇಲೆ ಹತ್ತಿ ಬಂದು, ಅಬ್ಬಾನ ತೋಳು ಹಿಡಿದು ಹೊಸ್ತಿಲೊಳಗೆ ಎಳೆದುಕೊಂಡು, ತೆಲುಗಿನಲ್ಲೇ ಉತ್ತರ ಕೊಟ್ಟರು. ನನಗೆ ಅರ್ಥವಾಗಲಿಲ್ಲ. ಎಷ್ಟೋ ವರ್ಷಗಳ ಮೇಲೆ ಕೇಳಿ ತಿಳಿದುಕೊಂಡೆ. ನನ್ನ ಹಡಗಿನವನು ಎಂದು ಹೇಳಿದ್ದರಂತೆ. ಮುದುಕಿ ಅಬ್ಬಾನ ಟೋಪಿ ನೋಡಿತು, ನನ್ನ ಕೈಯ ಬುತ್ತಿ ನೋಡಿತು. ಆಮೇಲೆ ಗೋಡೆ ಹಿಡಿದು ಎದ್ದು, ಒಳಗಿನಿಂದ ಮೂರು ತಟ್ಟೆ ತಂದು ಮಗ್ಗದ ಪಕ್ಕದ ನೆಲದ ಮೇಲೆ ಇಟ್ಟಿತು.

ಊಟ ಆಗಿರಲಿಲ್ಲ. ಇಬ್ಬರದೂ ಆಗಿರಲಿಲ್ಲ. ನಾನು ಬುತ್ತಿ ಬಿಚ್ಚಿದೆ.